ತಮ್ಮನ ಬಂಧನದ ನಂತರ ವಾರಂಟ್ ಇಲ್ಲದೆ ಕೋಣೆ ಶೋಧಿಸಿದ್ದಾರೆ, ಇದು ಕಾನೂನುಬದ್ಧವೇ?

ನಿಮ್ಮ ತಮ್ಮನ ಜೇಬಿನಲ್ಲಿ ಗಾಂಜಾ ಸಿಕ್ಕಿತೆಂದು ಹುಬ್ಬಳ್ಳಿಯ ಬಸ್ ನಿಲ್ದಾಣದ ಬಳಿ ಬಂಧಿಸಿದರು, ಅದೇ ರಾತ್ರಿ ಒಂಬತ್ತರ ಸುಮಾರಿಗೆ ಧಾರವಾಡದ ಸಪ್ತಾಪುರದಲ್ಲಿ ಅವನು ಬಾಡಿಗೆಗಿದ್ದ ಕೋಣೆಯ ಬೀಗ ತೆಗೆಸಿ ಶೋಧಿಸಿದರು, ವಾರಂಟ್ ಕೇಳಿದ್ದಕ್ಕೆ ‘ಈ ಕೇಸಿಗೆ ಅದು ಬೇಕಿಲ್ಲ’ ಎಂದರು ಎಂದು ಬರೆದಿದ್ದೀರಿ. ಧಾರವಾಡದ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣಗಳನ್ನು ನಡೆಸುವ ವಕೀಲನಾಗಿ ಹೇಳುತ್ತೇನೆ: ಪೊಲೀಸರ ಆ ಮಾತು ಅರ್ಧ ಮಾತ್ರ ಸರಿ.

ಮಾದಕವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 42, ಅಧಿಕಾರ ಪಡೆದ ಅಧಿಕಾರಿಗೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ವಾರಂಟ್ ಇಲ್ಲದೆಯೇ ಮನೆಯನ್ನು ಶೋಧಿಸಲು ಅವಕಾಶ ಕೊಡುತ್ತದೆ. ಆದರೆ ತನಗೆ ಬಂದ ಮಾಹಿತಿಯನ್ನು ಆತ ಬರೆದಿಡಬೇಕು. ಸೂರ್ಯ ಮುಳುಗಿದ ಮೇಲೆ ಹೋಗುವುದಾದರೆ, ವಾರಂಟ್ ತರುವಷ್ಟರಲ್ಲಿ ಮಾಲನ್ನು ಬಚ್ಚಿಡುವ ಅಥವಾ ಆರೋಪಿ ತಪ್ಪಿಸಿಕೊಳ್ಳುವ ಸಂಭವವಿದೆ ಎಂದು ತಾನು ನಂಬಿದ್ದೇಕೆ ಎಂಬುದನ್ನೂ ಬರೆಯಬೇಕು. ಆ ಬರಹದ ಪ್ರತಿಯನ್ನು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳಿಸಬೇಕು. ನಿಮ್ಮ ತಮ್ಮ ಆಗಲೇ ಪೊಲೀಸರ ವಶದಲ್ಲಿದ್ದ, ಕೋಣೆಗೆ ಬೀಗ ಬಿದ್ದಿತ್ತು; ಹಾಗಿರುವಾಗ ಮಾಲನ್ನು ಬಚ್ಚಿಡುವವರು ಯಾರಿದ್ದರು ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಉತ್ತರ ಇರಲೇಬೇಕು. ನಿಮ್ಮ ಪ್ರಕರಣದ ಜೀವ ಅಲ್ಲಿದೆ ಎಂದು ನನಗೆ ಅನಿಸುತ್ತದೆ. ಶೋಧಿಸಿದವರು ಕಲಂ 41ರ ಪ್ರಕಾರ ತಾವೇ ಶೋಧಿಸುವ ಅಧಿಕಾರವುಳ್ಳ ಪತ್ರಾಂಕಿತ ಅಧಿಕಾರಿಯೇ ಆಗಿದ್ದರೆ ಈ ವಾದ ದುರ್ಬಲವಾಗುತ್ತದೆ. ಆದ್ದರಿಂದ ಪಂಚನಾಮೆಯಲ್ಲಿ ಸಹಿ ಹಾಕಿದವರ ಹುದ್ದೆಯನ್ನು ಮೊದಲು ನೋಡಿ.

ಕರ್ನೈಲ್ ಸಿಂಗ್ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಬರೆದು ಕಳಿಸುವುದು ತಡವಾದರೆ ಸಮಾಧಾನಕರ ಕಾರಣ ಕೊಟ್ಟು ಉಳಿಸಿಕೊಳ್ಳಬಹುದು, ಆದರೆ ಬರೆಯದೇ ಕಳಿಸದೇ ಇರುವುದನ್ನು ಒಪ್ಪಲಾಗದು ಎಂದಿದೆ. ನಾನು ನಡೆಸಿದ ಒಂದು ಪ್ರಕರಣದಲ್ಲಿ ಪಂಚನಾಮೆ ಸಂಜೆ 5.40ಕ್ಕೆ ಆರಂಭವಾಯಿತೆಂದು ಬರೆದಿತ್ತು. ಅದೇ ತಂಡ 6.50ಕ್ಕೆ ಠಾಣೆಯಿಂದ ಹೊರಟಿತೆಂದು ಠಾಣಾ ದಿನಚರಿ ಹೇಳುತ್ತಿತ್ತು. ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಪಾಟೀ ಸವಾಲು ಮಾಡಿದಾಗ ತನಿಖಾಧಿಕಾರಿಯ ಬಳಿ ಉತ್ತರವಿರಲಿಲ್ಲ.

ಜೇಬಿನ ಮಾತು ಬೇರೆ. ಮೊದಲೇ ಮಾಹಿತಿ ಪಡೆದು ವ್ಯಕ್ತಿಯ ಮೈಮೇಲಿನ ಶೋಧನೆ ನಡೆಸುವಾಗ, ಹತ್ತಿರದ ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧನೆಗೆ ಒಳಗಾಗುವ ಹಕ್ಕು ನಿನಗಿದೆ ಎಂದು ಕಲಂ 50ರ ಪ್ರಕಾರ ಅವನಿಗೆ ತಿಳಿಸಲೇಬೇಕು. 2010ರ ವಿಜಯಸಿಂಹ ಜಡೇಜಾ ತೀರ್ಪು ಇದನ್ನು ಕಡ್ಡಾಯ ಎಂದಿದೆ. ಕೈಯಲ್ಲಿದ್ದ ಚೀಲಕ್ಕೆ, ಕೋಣೆಗೆ ಇದು ಅನ್ವಯಿಸುವುದಿಲ್ಲ. ಮೊಬೈಲ್ ತೆಗೆದುಕೊಂಡು ಪಾಸ್‌ವರ್ಡ್ ಕೇಳಿದ್ದರೆ, ಮಾದಕವಸ್ತು ಪ್ರಕರಣವೊಂದರಲ್ಲೇ ನಮ್ಮ ಹೈಕೋರ್ಟು 2021ರಲ್ಲಿ ಕೊಟ್ಟ ವೀರೇಂದ್ರ ಖನ್ನಾ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ. ಫೋನಿನ ಒಳಗನ್ನು ನೋಡಲು ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಎಂದು ಅದು ಹೇಳುತ್ತದೆ.

ಶೋಧನೆ ಅಕ್ರಮವೆಂದು ತೋರಿಸಿದ ಮಾತ್ರಕ್ಕೆ ಸಿಕ್ಕ ವಸ್ತು ಸಾಕ್ಷ್ಯದಿಂದ ತಾನಾಗಿ ಬಿದ್ದುಹೋಗುತ್ತದೆ ಎಂದು ದಯವಿಟ್ಟು ನಂಬಬೇಡಿ. ಅಕ್ರಮ ಶೋಧನೆಯಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕಲಾಗದು ಎಂಬುದು 1973ರ ಪೂರಣ್ ಮಲ್ ತೀರ್ಪಿನಿಂದ ಬಂದ ಸಾಮಾನ್ಯ ನಿಯಮ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಕಲಂ 42 ಮತ್ತು 50ರ ಕಟ್ಟುನಿಟ್ಟಿನಿಂದಾಗಿ ಆರೋಪಿಗೆ ಹೆಚ್ಚಿನ ರಕ್ಷಣೆ ಸಿಗುತ್ತದೆ, ನಿಜ. ಆದರೆ ಅದರ ತೀರ್ಮಾನ ಬಹುತೇಕ ಸಾಕ್ಷಿಗಳ ವಿಚಾರಣೆಯ ನಂತರ ಆಗುತ್ತದೆಯೇ ಹೊರತು ಮೊದಲ ದಿನವೇ ಅಲ್ಲ. ಜಾಮೀನಿಗೆ ಮುಖ್ಯವಾಗುವುದು ತೂಕ: ಗಾಂಜಾ ಒಂದು ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣವಾಗಿ ಕಲಂ 37ರ ಬಿಗಿ ಷರತ್ತುಗಳು ಎದುರಾಗುತ್ತವೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ವಿಡಿಯೊ, ಠಾಣಾ ದಿನಚರಿ, ಕಲಂ 42ರ ಬರಹ, ಇವು ಮೂರನ್ನೂ ಕೋರಿ ನಿಮ್ಮ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕಲಿ. ನಿಮ್ಮ ಕೈಯಲ್ಲೇ ಆಗುವ ಕೆಲಸ ಒಂದಿದೆ: ತಮ್ಮನಿದ್ದ ಮನೆಯ ಮಾಲೀಕರ ಬಳಿ ಅಥವಾ ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಆ ರಾತ್ರಿಯ ದೃಶ್ಯವನ್ನು ಇಂದೇ ಉಳಿಸಿಡಲು ಕೇಳಿಕೊಳ್ಳಿ, ಏಕೆಂದರೆ ಕೆಲವು ದಿನಗಳಲ್ಲಿ ಹೊಸ ದೃಶ್ಯಗಳು ಹಳೆಯದನ್ನು ಅಳಿಸಿಬಿಡುತ್ತವೆ.