ನಮೀಬಿಯಾ, ಬೋಟ್ಸ್ವಾನಾ ಸುತ್ತೋಕೆ ಸಣ್ಣ ಕಾರು, ನೆಲದ ಟೆಂಟು ಸಾಕು

ಗಂಡ ಹೆಂಡತಿ ಇಬ್ಬರೇ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಜೊಹಾನ್ಸ್‌ಬರ್ಗ್‌ನಿಂದ ಹೊರಟು ನಮೀಬಿಯಾ, ಬೋಟ್ಸ್ವಾನಾ ಸುತ್ತಿ ಬರಬಹುದಾ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗೋ ಫೋರ್ ಬೈ ಫೋರ್ ಗಾಡಿ ಬೇಕೇ ಬೇಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸುತ್ತಬಹುದು. ಫೋರ್ ಬೈ ಫೋರ್ ಬೇಡ.

ನಾನು, ನನ್ನ ಗಂಡ ಕೆಲಸದ ಮೇಲೆ ಜೊಹಾನ್ಸ್‌ಬರ್ಗ್‌ನಲ್ಲಿದ್ದಾಗ ಇದೇ ಸುತ್ತು ಹಾಕಿದ್ದೇವೆ, ಬಾಡಿಗೆಗೆ ಪಡೆದ ಟೊಯೋಟಾ ಸ್ಟಾರ್ಲೆಟ್‌ನಲ್ಲಿ. ಹೆಸರು ಕೇಳಿರದಿದ್ದರೆ ಗಾಬರಿ ಬೇಡ, ಅದು ನಮ್ಮ ಬಲೆನೋನೇ, ಇಂಡಿಯಾದಲ್ಲಿ ತಯಾರಾಗಿ ಟೊಯೋಟಾ ಹೆಸರು ಹಾಕಿಕೊಂಡು ಅಲ್ಲಿಗೆ ಹೋಗುತ್ತದೆ. ಅಲ್ಲೂ ಎಡಗಡೆಯೇ ಓಡಿಸೋದು, ಹಾಗಾಗಿ ಆ ತಲೆನೋವು ಇಲ್ಲ.

ದುಡ್ಡೆಲ್ಲ ಹೋಗೋದು ಗಾಡಿಗೆ ಮತ್ತು ಪೆಟ್ರೋಲಿಗೆ. ಊಟಕ್ಕಲ್ಲ, ಮಲಗೋ ಜಾಗಕ್ಕೂ ಅಲ್ಲ. ಅಂತರ್ಜಾಲದಲ್ಲಿ ಎಲ್ಲರೂ ತೋರಿಸೋದು ಛಾವಣಿ ಮೇಲೆ ಟೆಂಟ್ ಇರೋ ಟೊಯೋಟಾ ಹೈಲಕ್ಸ್ ಪಿಕಪ್. ಚೆನ್ನಾಗಿರುತ್ತದೆ ನಿಜ, ಆದರೆ ಬಾಡಿಗೆ ಸಣ್ಣ ಕಾರಿನ ಹಲವು ಪಟ್ಟು, ಮೇಲೆ ಅದು ಇಂಧನ ಕುಡಿಯೋದು ಬೇರೆ. ಸಣ್ಣ ಕಾರು ತಗೊಂಡು, ಅಲ್ಲೇ ಸೂಪರ್ ಮಾರ್ಕೆಟ್ಟಿನಲ್ಲಿ ನೆಲದ ಮೇಲೆ ಹಾಕೋ ಟೆಂಟು, ಎರಡು ಮಡಚೋ ಕುರ್ಚಿ, ಒಂದು ಸಣ್ಣ ಗ್ಯಾಸ್ ಒಲೆ ಕೊಂಡರೆ ಮುಗಿಯಿತು. ಕ್ಯಾಂಪಿಂಗ್ ಜಾಗಗಳು ಅಲ್ಲಿ ಎಷ್ಟು ಅಚ್ಚುಕಟ್ಟು ಅಂದರೆ ಬಿಸಿನೀರಿನ ಸ್ನಾನದ ಮನೆ, ಬೆಂಕಿ ಹಾಕೋಕೆ ಕಟ್ಟೆ ಹೆಚ್ಚಿನ ಕಡೆ ಇರುತ್ತವೆ, ಎಷ್ಟೋ ಕಡೆ ಟೆಂಟಿನ ಪಕ್ಕದಲ್ಲೇ ಕರೆಂಟಿನ ಪ್ಲಗ್ ಕೂಡ.

ನಮ್ಮ ದಾರಿ ಹೀಗಿತ್ತು. ಜೊಹಾನ್ಸ್‌ಬರ್ಗ್‌ನಿಂದ ಅಪಿಂಗ್ಟನ್, ನಾಕೋಪ್ ಗಡಿ ದಾಟಿ ಕೀಟ್‌ಮಾನ್ಸ್‌ಹೂಪ್, ಫಿಶ್ ರಿವರ್ ಕ್ಯಾನ್ಯನ್, ಸೆಸ್ರೀಮ್, ಸ್ವಾಕೋಪ್‌ಮುಂಡ್, ಸ್ಪಿಟ್ಸ್‌ಕೋಪ್, ಎಟೋಶಾ, ವಿಂಡ್‌ಹುಕ್, ಅಲ್ಲಿಂದ ಟ್ರಾನ್ಸ್ ಕಲಹಾರಿ ಹೆದ್ದಾರಿಯಲ್ಲಿ ಬೋಟ್ಸ್ವಾನಾದ ಘಾಂಜಿ, ಮೌನ್, ಕಸಾನೆ, ಆಮೇಲೆ ಫ್ರಾನ್ಸಿಸ್‌ಟೌನ್ ಮೇಲೆ ವಾಪಸ್. ಸುಮಾರು 6,000 ಕಿಲೋಮೀಟರ್ ಆಗುತ್ತದೆ. ರಜೆ ಒಂದು ತಿಂಗಳಿಗಿಂತ ಕಡಿಮೆ ಇದ್ದರೆ ಬೋಟ್ಸ್ವಾನಾ ಬಿಟ್ಟುಬಿಡಿ, ಬೇಜಾರಿಲ್ಲದೆ ಬಿಡಿ. ನಮೀಬಿಯಾ ಒಂದೇ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು, ಜನ ಮಾತ್ರ 30 ಲಕ್ಷದ ಆಸುಪಾಸು. ಗಂಟೆಗಟ್ಟಲೆ ಓಡಿಸಿದರೂ ಎದುರಿಗೆ ಒಂದು ಗಾಡಿ ಬರೋದಿಲ್ಲ.

ಈಗ ರಸ್ತೆ ವಿಷಯ, ನಿಮ್ಮ ನಿಜವಾದ ಭಯ ಅದೇ ಅಲ್ವಾ? ನಮೀಬಿಯಾದಲ್ಲಿ ಬಿ ನಂಬರಿನ ರಸ್ತೆಗಳು ಡಾಂಬರು, ಸಿ ಮತ್ತು ಡಿ ಹೆಚ್ಚಾಗಿ ಜಲ್ಲಿ ಮಣ್ಣು. ಮುಖ್ಯವಾದ ಸಿ ರಸ್ತೆಗಳನ್ನು ಗ್ರೇಡರ್ ಹಾಕಿ ಆಗಾಗ ಸಮ ಮಾಡುತ್ತಿರುತ್ತಾರೆ, ಸಣ್ಣ ಕಾರು ಆರಾಮಾಗಿ ಹೋಗುತ್ತದೆ. ಕಷ್ಟ ಇರೋದು ಗುಂಡಿಯಿಂದಲ್ಲ, ವೇಗದಿಂದ. ನೇರ ರಸ್ತೆ, ಖಾಲಿ ರಸ್ತೆ, ಕಾಲು ತಾನಾಗೇ ಒತ್ತುತ್ತದೆ. ಕಾನೂನಿನಲ್ಲಿ ಜಲ್ಲಿ ಮೇಲೆ 100ರವರೆಗೆ ಬಿಡುತ್ತಾರೆ, ನೀವು ಮಾತ್ರ 70, ಹೆಚ್ಚೆಂದರೆ 80 ದಾಟಬೇಡಿ. ಜಲ್ಲಿ ಮೇಲೆ ಜೋರಾಗಿ ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದರೆ ಗಾಡಿ ಜಾರಿ ಪಲ್ಟಿ ಹೊಡೆಯುತ್ತದೆ, ಅಲ್ಲಿ ಪ್ರವಾಸಿಗರ ಅಪಘಾತ ಎಷ್ಟೋ ಆಗೋದು ಎದುರಿಗೆ ಯಾರೂ ಇಲ್ಲದಾಗಲೇ. ಟೈರಿನ ಗಾಳಿ ಸ್ವಲ್ಪ ಇಳಿಸಿಕೊಳ್ಳಿ, ಡಾಂಬರಿಗೆ ಬಂದಾಗ ಮತ್ತೆ ತುಂಬಿಸಿ. ಕಾರು ತೆಗೆದುಕೊಳ್ಳುವಾಗ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಿ. ಪೂರ್ತಿ ಸೈಜಿನದು ಇರಬೇಕು, ಆ ತೆಳ್ಳಗಿನ ತಾತ್ಕಾಲಿಕ ಚಕ್ರ ಕೊಟ್ಟರೆ ಬೇಡವೇ ಬೇಡ ಅನ್ನಿ. ಸಾಮಾನ್ಯ ವಿಮೆಯಲ್ಲಿ ಟೈರು, ಗಾಜು ಬಹಳ ಸಲ ಸೇರಿರೋದಿಲ್ಲ. ಖರ್ಚು ಉಳಿಸಬಾರದ ಒಂದೇ ಜಾಗ ಅದು, ಅವೆರಡಕ್ಕೂ ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳಿ.

ಕತ್ತಲಾದ ಮೇಲೆ ಓಡಿಸಲೇಬೇಡಿ. ನಮೀಬಿಯಾದಲ್ಲಿ ಕುಡು ಅನ್ನೋ ದೊಡ್ಡ ಜಿಂಕೆ ಹಾರಿ ಬಂದು ಗಾಜಿಗೆ ಬೀಳುತ್ತದೆ, ಬೋಟ್ಸ್ವಾನಾದಲ್ಲಿ ಕತ್ತೆ, ದನ, ಆನೆ. ಕಸಾನೆ ಕಡೆಯ ಹೆದ್ದಾರಿಯಲ್ಲಿ ಆನೆಗಳು ಹಗಲಲ್ಲೇ ರಸ್ತೆ ದಾಟುತ್ತಿದ್ದವು, ನಾವು ಎಂಜಿನ್ ಆಫ್ ಮಾಡದೆ ದೂರದಲ್ಲೇ ಕಾದೆವು.

ಸೆಸ್ರೀಮ್‌ನಲ್ಲಿ ಕ್ಯಾಂಪ್ ಮಾಡೋದಾದರೆ ನಮೀಬ್ ಮರುಭೂಮಿ ಉದ್ಯಾನದ ಗೇಟಿನ ಒಳಗಿನ ಕ್ಯಾಂಪೇ ತಗೊಳ್ಳಿ, ಹೊರಗಿನದಕ್ಕಿಂತ ರೇಟು ಜಾಸ್ತಿ ಇದ್ದರೂ ಸರಿ. ಒಳಗಿದ್ದವರನ್ನು ಸೂರ್ಯ ಹುಟ್ಟೋದಕ್ಕಿಂತ ಮುಂಚೆಯೇ ಬಿಡುತ್ತಾರೆ. ಅಲ್ಲಿಂದ ಮರಳು ದಿಬ್ಬಗಳ ಕಡೆಗೆ 60 ಕಿಲೋಮೀಟರ್ ಡಾಂಬರು, ಕೊನೆಯ 5 ಕಿಲೋಮೀಟರ್ ಮಾತ್ರ ದಪ್ಪ ಮರಳು. ಫೋರ್ ಬೈ ಫೋರ್ ಬೇಕು ಅಂತ ಎಲ್ಲರೂ ಹೆದರಿಸೋದು ಈ 5 ಕಿಲೋಮೀಟರಿಗೆ! ಕಾರು ನಿಲ್ಲಿಸಿ ಅಲ್ಲಿನ ಶಟಲ್ ಹತ್ತಿದರೆ ಆಯಿತು. ಬಿಸಿಲೇರೋ ಮುಂಚೆ ಡೆಡ್‌ವ್ಲೇ ಅನ್ನೋ ಒಣ ಬಯಲು ನೋಡಿ ಬನ್ನಿ, ಶತಮಾನಗಳ ಹಿಂದೆ ಸತ್ತ ಮರಗಳು ಕೊಳೆಯೋಕೂ ನೀರಿಲ್ಲದೆ ಹಾಗೇ ಕಪ್ಪಗೆ ನಿಂತಿವೆ.

ಎಟೋಶಾ ವನ್ಯಜೀವಿ ಉದ್ಯಾನದ ಬಗ್ಗೆ ಬರೆಯುತ್ತಾ ಹೋದರೆ ಮುಗಿಯೋದಿಲ್ಲ. ಸಫಾರಿ ಜೀಪು, ಗೈಡು ಏನೂ ಬೇಡ, ನಿಮ್ಮ ಕಾರಲ್ಲೇ ಒಂದು ನೀರಿನ ಹೊಂಡದಿಂದ ಇನ್ನೊಂದಕ್ಕೆ ಹೋಗಿ ಕಿಟಕಿ ಏರಿಸಿಕೊಂಡು ಸುಮ್ನೆ ಕೂತರೆ ಸಾಕು. ಒಣಗಾಲದಲ್ಲಿ ಪ್ರಾಣಿಗಳು ನೀರಿಗೆ ಬರಲೇಬೇಕು, ನೀವು ಹುಡುಕಿಕೊಂಡು ಅಲೆಯಬೇಕಿಲ್ಲ. ಒಳಗಿನ ಕ್ಯಾಂಪುಗಳು ದುಬಾರಿ, ಒಂದು ರಾತ್ರಿಯಾದರೂ ಒಕೌಕೆಯೊದಲ್ಲಿ ಇರಿ, ಉಳಿದ ರಾತ್ರಿ ಗೇಟಿನ ಹೊರಗೆ ಕಡಿಮೆಯಲ್ಲಿ ಸಿಗುತ್ತದೆ. ಒಕೌಕೆಯೊ ಕ್ಯಾಂಪಿನ ಅಂಚಿನಲ್ಲೇ ಒಂದು ಹೊಂಡ, ಅದಕ್ಕೆ ರಾತ್ರಿಯಿಡೀ ದೀಪ, ಗೋಡೆಯ ಈಚೆ ನಮಗೆ ಬೆಂಚು. ಕಂಬಳಿ ಹೊದ್ದು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಕೂತಿದ್ದೆವು. ಮೊದಲು ಕಪ್ಪು ಖಡ್ಗಮೃಗ ಮರಿ ಜೊತೆ ಬಂತು. ಆಮೇಲೆ ಆನೆ ಹಿಂಡು, ಅಷ್ಟು ದೊಡ್ಡ ಮೈ ಇಟ್ಟುಕೊಂಡು ಒಂದು ಚೂರೂ ಸದ್ದಿಲ್ಲ. ಖಡ್ಗಮೃಗ ಬಿಟ್ಟುಕೊಡಲಿಲ್ಲ, ಆನೆ ಕಿವಿ ಬಿಚ್ಚಿ ನಿಂತಿತು, ಸುಮಾರು ಹೊತ್ತು ಇವರ ಜಗಳ ನಡೆಯಿತು, ಜಿರಾಫೆಯೊಂದು ಇದು ಮುಗಿಯಲಿ ಅಂತ ಹಿಂದೆ ಕಾಯುತ್ತಿತ್ತು. ಇದಕ್ಕೆ ಬೇರೆ ಟಿಕೆಟ್ ಇಲ್ಲ.

ಬೋಟ್ಸ್ವಾನಾದ ಲೆಕ್ಕವೇ ಬೇರೆ, ಜಾಸ್ತಿ ಹಣ ಇರುವ ಕಡಿಮೆ ಪ್ರವಾಸಿಗರು ಬರಲಿ ಅನ್ನೋದು ಅವರ ನೀತಿ. ಮೊರೆಮಿ, ಚೋಬೆ ಕಾಡುಗಳ ಒಳಗೆ ಮರಳು ದಾರಿ, ಸಣ್ಣ ಕಾರು ನಡೆಯೋದಿಲ್ಲ. ನಾವು ಮೌನ್‌ನಿಂದ ಒಂದು ದಿನದ ಮೊಕೊರೊ ದೋಣಿ, ಕಸಾನೆಯಲ್ಲಿ ಸಂಜೆಯ ಚೋಬೆ ನದಿ ದೋಣಿ, ಇಷ್ಟಕ್ಕೇ ಮುಗಿಸಿದೆವು. ಆ ಮೊಕೊರೊ ಓಡೋ ಒಕವಾಂಗೋ ಜೌಗು ಬಯಲಿಗೆ ನೆರೆ ಬರೋದು ಅಂಗೋಲಾದಲ್ಲಿ ಬಿದ್ದ ಮಳೆಯಿಂದ, ಆ ನೀರು ತಿಂಗಳುಗಟ್ಟಲೆ ಹರಿದು ಬರೋ ಹೊತ್ತಿಗೆ ಬೋಟ್ಸ್ವಾನಾದಲ್ಲಿ ಒಣಗಾಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಹೋದರೆ ದೋಣಿಗೆ ನೀರು, ಪ್ರಾಣಿ ನೋಡೋಕೆ ಒಣಗಾಲ, ಎರಡೂ ಲಾಭ. ವಿಕ್ಟೋರಿಯಾ ಜಲಪಾತ ಕಸಾನೆಯಿಂದ ಸುಮಾರು 80 ಕಿಲೋಮೀಟರ್, ವ್ಯಾನಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರಬಹುದು, ಕಾರಿಗೆ ಇನ್ನೊಂದು ದೇಶದ ಕಾಗದ ಮಾಡಿಸೋ ಖರ್ಚಿಲ್ಲ. ಅಕ್ಟೋಬರ್ ಆದರೆ ಜಿಂಬಾಬ್ವೆ ಬದಿಗೇ ಹೋಗಿ, ಜಾಂಬಿಯಾ ಕಡೆ ಬಹುಪಾಲು ಬರೀ ಬಂಡೆ ಕಾಣುತ್ತದೆ.

ಊಟ. ಬೇಳೆ, ಸಾಂಬಾರ್ ಪುಡಿ, ಅವಲಕ್ಕಿ ಎಲ್ಲ ಜೊಹಾನ್ಸ್‌ಬರ್ಗ್‌ನ ಫೋರ್ಡ್ಸ್‌ಬರ್ಗ್‌ನಲ್ಲಿ ಸಿಗುತ್ತದೆ. ದಾರಿಯಲ್ಲಿ ಮೆಕ್ಕೆಜೋಳದ ಹಿಟ್ಟು ಎಲ್ಲ ಅಂಗಡಿಯಲ್ಲೂ ಇದೆ, ಅದರಲ್ಲಿ ಪ್ಯಾಪ್ ತಿರುವಿ ಸಾರಿನ ಜೊತೆ ತಿಂದರೆ ನಮ್ಮ ಮುದ್ದೆಯ ಬಿಳಿ ತಮ್ಮನ ಹಾಗಿರುತ್ತದೆ. ಕಾಲುಬಾಯಿ ಜ್ವರ ಹರಡದಿರಲಿ ಅಂತ ಎರಡೂ ದೇಶದಲ್ಲಿ ಅಲ್ಲಲ್ಲಿ ಗೇಟು ಹಾಕಿ ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ, ಬೋಟ್ಸ್ವಾನಾದಲ್ಲಂತೂ ಚಪ್ಪಲಿ, ಶೂ ಎಲ್ಲ ಔಷಧಿ ನೀರಲ್ಲಿ ಅದ್ದಿಸುತ್ತಾರೆ. ನಾವು ಮಾಂಸ ತಿನ್ನೋದಿಲ್ಲ ಅಂದಾಗ ಒಬ್ಬ ಅಧಿಕಾರಿಣಿ ನಂಬದೆ ಕೂಲರ್ ಬಾಕ್ಸ್ ಪೂರ್ತಿ ಕೆದಕಿ, ಹಾಗಾದರೆ ಏನು ತಿಂದು ಬದುಕಿದ್ದೀರಿ ಅಂತ ನಗುತ್ತಾ ಕೇಳಿದರು.

ನಮೀಬಿಯಾದಲ್ಲಿ ಹಣಕ್ಕೆ ದಕ್ಷಿಣ ಆಫ್ರಿಕಾದ ರಾಂಡ್ ಸಾಕು, ಅಲ್ಲಿನ ಡಾಲರಿಗೆ ಒಂದಕ್ಕೊಂದು ಸಮಕ್ಕೆ ನಡೆಯುತ್ತದೆ, ಬೋಟ್ಸ್ವಾನಾಗೆ ಅವರದೇ ಪುಲಾ ಬೇಕು. ನಮೀಬಿಯಾ ಡಾಲರ್ ಮಾತ್ರ ಅಲ್ಲೇ ಖಾಲಿ ಮಾಡಿ ಬನ್ನಿ, ದಕ್ಷಿಣ ಆಫ್ರಿಕಾದಲ್ಲಿ ಅಂಗಡಿಯವರು ತೆಗೆದುಕೊಳ್ಳೋದಿಲ್ಲ. ಹಳ್ಳಿ ಬಂಕುಗಳಿಗೆ ನಗದು ಇಟ್ಟುಕೊಳ್ಳಿ, ಟ್ಯಾಂಕ್ ಅರ್ಧಕ್ಕಿಳಿದಾಗಲೇ ತುಂಬಿಸಿ.

ಕಾಗದಪತ್ರ: ಊರಿನ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ ಬನ್ನಿ, ಇಬ್ಬರೂ ಮಾಡಿಸಿ, ಒಬ್ಬರೇ ಓಡಿಸೋ ದೂರ ಅಲ್ಲ ಇದು. ಬಾಡಿಗೆ ಕಂಪನಿಯಿಂದ ಗಡಿ ದಾಟೋ ಅನುಮತಿ ಪತ್ರ ಮೊದಲೇ ಕೇಳಿ, ಅದರಲ್ಲಿ ಎರಡೂ ದೇಶದ ಹೆಸರು ಇದೆಯಾ ನೋಡಿ. ದಕ್ಷಿಣ ಆಫ್ರಿಕಾ ವೀಸಾಗೆ ಅರ್ಜಿ ಹಾಕುವಾಗ ಮತ್ತೆ ಒಳಗೆ ಬರಬೇಕಾಗುತ್ತದೆ, ಮಲ್ಟಿಪಲ್ ಎಂಟ್ರಿ ಬೇಕು ಅಂತ ಬರೆಯಿರಿ. ಉಳಿದೆರಡು ದೇಶದ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡಿಸೋ ಮುಂಚೆ ಅವರ ದೂತಾವಾಸದ ಸೈಟಿನಲ್ಲೇ ನೋಡಿಬಿಡಿ.

ಜುಲೈಗೆ ಹೋಗೋದಾದರೆ ಸ್ಲೀಪಿಂಗ್ ಬ್ಯಾಗ್ ಒಳ್ಳೆಯದು ತಗೊಳ್ಳಿ, ಕಲಹಾರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಎಟೋಶಾ, ಸೆಸ್ರೀಮ್ ಎರಡನ್ನೂ ತಿಂಗಳುಗಳ ಮುಂಚೆ ಬುಕ್ ಮಾಡಿ, ಮಿಕ್ಕಿದ್ದೆಲ್ಲ ದಾರಿಯಲ್ಲಿ ನೋಡಿಕೊಂಡರೆ ನಡೆಯುತ್ತದೆ.