ದಾವಣಗೆರೆಯಿಂದ ಒಂದೇ ದಿನದಲ್ಲಿ ಸಂತೇಬೆನ್ನೂರು ಮತ್ತು ಅಡಿಕೆ ತೋಟ ನೋಡಬಹುದಾ? ಗೈಡ್ ಬೇಕಾ?

ಸಂತೇಬೆನ್ನೂರಿನಲ್ಲಿ ನೀರಿನ ನಡುವೆ ದ್ವೀಪದ ಹಾಗೆ ನಿಂತಿರುವ ಮಂಟಪದ ಫೋಟೊ ನೋಡಿದ್ದೀರಿ. ಅದನ್ನೂ ಒಂದು ಅಡಿಕೆ ತೋಟವನ್ನೂ ಒಂದೇ ದಿನದಲ್ಲಿ ನೋಡಬಹುದಾ, ಜೊತೆಗೆ ಗೈಡ್ ಬೇಕಾ, ಅಮ್ಮನಿಗೆ ಮತ್ತು ಮಕ್ಕಳಿಗೆ ಸುಸ್ತಾಗುತ್ತಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲೇ ಹುಟ್ಟಿ ಬೆಳೆದವನು. ಧಾರಾಳವಾಗಿ ಆಗುತ್ತದೆ. ಆದರೆ ಆ ಕಡೆಯ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಇದೊಂದನ್ನು ಮಾತ್ರ ಬಿಡಬೇಡಿ.

ಮೊದಲ ಸಲ ನಾವು ಸುಮ್ನೆ ಕಾರು ಹತ್ತಿ ಹೋಗಿದ್ದೆವು. ಹತ್ತು ನಿಮಿಷ ನಿಂತು, ಫೋಟೊ ತೆಗೆದು, ವಾಪಸ್. ಎರಡನೇ ಸಲ ನಿವೃತ್ತ ಮೇಷ್ಟ್ರೊಬ್ಬರು ಜೊತೆಗೆ ಬಂದರು. ಎರಡು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ.

ಸಂತೇಬೆನ್ನೂರು ಚನ್ನಗಿರಿ ತಾಲ್ಲೂಕಿನದು, ಇಲ್ಲಿಂದ ಸುಮಾರು 40 ಕಿ.ಮೀ. ಬೆಣ್ಣೆ ದೋಸೆ ತಿಂದುಕೊಂಡು ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಅಲ್ಲಿನ ಕಲ್ಲು ಕಾದಿರುತ್ತದೆ, ಬರಿಗಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಪುಷ್ಕರಣಿ 16ನೇ ಶತಮಾನದ್ದು, ಪಾಳೇಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುವೆ ಇರುವುದು ವಸಂತ ಮಂಟಪ. ಅಲ್ಲಿಗೆ ಸೇತುವೆ ಇಲ್ಲ, ದಡದಿಂದಲೇ ನೋಡಬೇಕು. "ಮೊದಲು ಕಮಾನು ನೋಡಿ, ಆಮೇಲೆ ಗೋಪುರ ನೋಡಿ" ಅಂದರು ಮೇಷ್ಟ್ರು. ಹೌದು, ಕಮಾನಿನಲ್ಲಿ ಬಿಜಾಪುರದ ಕೈ ಕಾಣುತ್ತದೆ. ಹಂತ ಹಂತವಾಗಿ ಏರುವ ಗೋಪುರ ನೋಡಿದರೆ ದೇವಸ್ಥಾನದ ನೆನಪಾಗುತ್ತದೆ. ಒಂದೇ ಕಟ್ಟಡದಲ್ಲಿ ಎರಡೂ! ಮೊದಲ ಸಲ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಪುಷ್ಕರಣಿ ಪಕ್ಕದಲ್ಲೇ ಮುಸಾಫಿರ್ ಖಾನಾ, ಅಂದರೆ ಪ್ರಯಾಣಿಕರ ತಂಗುದಾಣ ಇದೆ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಟ್ಟಿಸಿದ್ದು. ಅದರ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಬಿಸಿಲೇರುವ ಹೊತ್ತಿಗೆ ತೋಟಕ್ಕೆ ಹೋಗಿ. ಅಡಿಕೆ ತೋಟದ ಒಳಗೆ ಹೊರಗಿನಷ್ಟು ಸೆಕೆ ಇರುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಹೋದರೆ ಕೊಯ್ಲು ಸಿಗುತ್ತದೆ. ಉದ್ದದ ದೋಟಿಯಿಂದ ಗೊನೆ ಕೊಯ್ಯುವುದು, ಕೆಳಗೆ ನಿಂತವರು ಅದನ್ನು ಹಿಡಿಯುವುದು ನೋಡಿದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ನನಗೆ ಇಷ್ಟವಾದದ್ದು ಅಂಗಳದ ಕೆಲಸ. ಕಾಯಿ ಹಸಿರಾಗಿರುವಾಗಲೇ ಸುಲಿದು, ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಹರವುತ್ತಾರೆ. ಬೇಯಿಸಿದ ನೀರು ಗಟ್ಟಿಯಾದರೆ ಅದೇ ಚೊಗರು. ಅಡಿಕೆಗೆ ಕೆಂಪು ಬಣ್ಣ, ಹೊಳಪು ಬರುವುದು ಅದರಿಂದಲೇ. ಈಗ ಸುಲಿಯುವ ಮಷೀನು ಜಾಸ್ತಿ. ಆದರೆ ನಾವು ಹೋದ ಮನೆಯಲ್ಲಿ ಒಬ್ಬ ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಕಾಯಿಯನ್ನು ಕತ್ತಿಗೆ ಒತ್ತಿ ಒಂದು ತಿರುವು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಅವರ ಬೆರಳ ತುದಿಗಳು ಕಪ್ಪಗಾಗಿದ್ದವು. "ಇದು ಸೋಪಿಗೆ ಹೋಗಲ್ಲಪ್ಪಾ, ಸುಗ್ಗಿ ಮುಗಿದ ಮೇಲೇ ಹೋಗದು" ಅಂದರು. ನನ್ನ ಮಗಳು ಆ ಕೈಯನ್ನು ಮುಟ್ಟಿ ಮುಟ್ಟಿ ನೋಡಿದಳು.

ಒಂದು ಮಾತು. ತೋಟ ಅಂದರೆ ಪಾರ್ಕ್ ಅಲ್ಲ, ಅವರ ಬದುಕು ಅದು. ಮೊದಲೇ ಕೇಳಿಕೊಂಡು ಹೋಗಿ. ಹರವಿದ ಅಡಿಕೆ ಮೇಲೆ ಮಕ್ಕಳು ಓಡಾಡದ ಹಾಗೆ ನೋಡಿಕೊಳ್ಳಿ. ಊಟ ಹಾಕಿದರೆ ಅದರ ದುಡ್ಡು ಕೊಡಿ. ಬೇಡ ಅನ್ನುತ್ತಾರೆ, ಆದರೂ ಕೊಡಿ. ಜೊತೆಗೆ ಬಂದವರ ಕೈಗೂ ಇಷ್ಟು ಅಂತ ಮೊದಲೇ ಮಾತಾಡಿಕೊಂಡು ಕೊಡಿ.

ಸಂಜೆ ನಾಲ್ಕಕ್ಕೆ ಸೂಳೆಕೆರೆಗೆ ಬನ್ನಿ. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಕಟ್ಟಿಸಿದವಳು ಶಾಂತವ್ವ ಅಂತ ಜನ ಹೇಳುತ್ತಾರೆ. ಕೆರೆಗೆ ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಇರಲಿ ಅಂದರಂತೆ, ಅದಕ್ಕೇ ಈ ಹೆಸರು. ಏರಿ ಮೇಲೆ ನಿಂತು ಎರಡೂ ಕಡೆ ನೋಡಿ. ಎರಡು ಗುಡ್ಡಗಳ ನಡುವಿನ ಸಣ್ಣ ಸಂದು ಕಟ್ಟಿದ್ದಾರೆ ಅಷ್ಟೇ, ಹಿಂದೆ ಕಣ್ಣು ಹಾಯಿಸಿದಷ್ಟೂ ನೀರು. ಚಿತ್ರದುರ್ಗದಲ್ಲಿ ನಮ್ಮ ಅಕ್ಕನ ಮನೆ ನಲ್ಲಿಗೂ ಇದೇ ನೀರು ಬರುತ್ತದೆ.

ಅಮ್ಮನ ವಿಷಯ. ಪುಷ್ಕರಣಿ ಮೆಟ್ಟಿಲು ಇಳಿಯಲು ಅವರಿಗೆ ಕಷ್ಟ ಆಗಬಹುದು. ಇಳಿಸಬೇಡಿ, ಮೇಲೆ ನೆರಳಿರುವ ಕಡೆ ಕೂರಿಸಿ. ಮಂಟಪ ಅಲ್ಲಿಂದಲೂ ಪೂರ್ತಿ ಕಾಣುತ್ತದೆ. ತೋಟದಲ್ಲಂತೂ ಅವರ ಚಿಂತೆ ಬೇಡ, ಸುಲಿಯುವವರ ಜೊತೆ ಮಾತಿಗೆ ಕೂತರೆ ನೀವೇ ಬನ್ನಿ ಬನ್ನಿ ಅಂತ ಕರೆಯಬೇಕಾಗುತ್ತದೆ. ನಮ್ಮಮ್ಮನನ್ನು ಮೂರು ಸಲ ಕರೆದಿದ್ದೆ.