ಗುಲ್ಮ ತೆಗೆದ ಮೇಲೆ ರಕ್ತ ದಪ್ಪವಾಗುತ್ತದೆಯೇ?

ಪ್ರಶ್ನೆ: ಬೈಕಿನಿಂದ ಬಿದ್ದು ಹೊಟ್ಟೆಗೆ ಪೆಟ್ಟಾಗಿ ತಮ್ಮನ ಗುಲ್ಮ (ಸ್ಪ್ಲೀನ್) ತೆಗೆದು ಮೂರು ವಾರವಾಯಿತು. ಈಗ ಪ್ಲೇಟ್‌ಲೆಟ್ 6.8 ಲಕ್ಷ. ವರದಿಯಲ್ಲಿ ‘ಹೋವೆಲ್-ಜಾಲಿ ಬಾಡಿ’ ಇವೆ ಎಂದೂ ಬರೆದಿದ್ದಾರೆ. ‘ರಕ್ತ ದಪ್ಪವಾಗಿದೆ, ನೀರು ಜಾಸ್ತಿ ಕುಡಿಸಿ’ ಎನ್ನುತ್ತಾರೆ ನೆಂಟರು. ಏನು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಆ ‘ದಪ್ಪ’ದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ: ಪ್ಲೇಟ್‌ಲೆಟ್ ಸಂಖ್ಯೆ ಒಂದು, ರಕ್ತದ ದಪ್ಪ ಇನ್ನೊಂದು. ಮೊದಲು ಹೋವೆಲ್-ಜಾಲಿ ಏನೆಂದು ನೋಡೋಣ.

ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್. ಅದಕ್ಕಿಂತ ಕಿರಿದಾದ ಲೋಮನಾಳಗಳಲ್ಲಿ ಅದು ಮಡಚಿಕೊಂಡು ನುಸುಳಬೇಕು. ಸುಮಾರು 120 ದಿನದ ಆಯಸ್ಸು ಮುಗಿಯುವ ಹೊತ್ತಿಗೆ ಕಣ ಬಿರುಸಾಗುತ್ತದೆ. ಗುಲ್ಮದೊಳಗಿನ ಸೀಳುಗಳು ಇನ್ನೂ ಇಕ್ಕಟ್ಟು. ಮೆತ್ತಗಿರುವ ಕಣ ದಾಟಿಕೊಂಡು ಹೋಗುತ್ತದೆ, ಬಿರುಸಾದದ್ದು ಸಿಕ್ಕಿಬೀಳುತ್ತದೆ, ಅಲ್ಲಿರುವ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಕಣ ಚೆನ್ನಾಗಿದ್ದು ಒಳಗೆ ಕೋಶಕೇಂದ್ರದ ಚೂರೊಂದು ಉಳಿದಿದ್ದರೆ, ಗುಲ್ಮ ಹಣ್ಣಿನ ಬೀಜ ತೆಗೆದಂತೆ ಚೂರನ್ನಷ್ಟೇ ಕಿತ್ತು ಕಣವನ್ನು ಬಿಟ್ಟುಬಿಡುತ್ತದೆ. ಹೋವೆಲ್-ಜಾಲಿ ಎಂದರೆ ಆ ಚೂರೇ. ಗುಲ್ಮವಿಲ್ಲದವರ ರಕ್ತದಲ್ಲಿ ಅದು ಕಾಣಲೇಬೇಕು, ಹೆದರಬೇಡಿ.

ಇನ್ನು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು. ಮೂರರಲ್ಲೊಂದು ಪಾಲು ಗುಲ್ಮದಲ್ಲೇ ತಂಗಿರುತ್ತಿತ್ತು. ತಂಗುದಾಣ ಹೋದ ಮೇಲೆ ಎಲ್ಲವೂ ರಕ್ತಕ್ಕೇ ಬಂದಿವೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರದಲ್ಲಿ ಏರಿ, ಮುಂದೆ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತವೆ. ನೀರು ಕುಡಿದರೆ ಈ ಸಂಖ್ಯೆ ಇಳಿಯದು. ರಕ್ತ ಎಷ್ಟು ದಪ್ಪ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕೆಂಪು ಕಣಗಳ ಪ್ರಮಾಣ. ಅದು ವರದಿಯಲ್ಲಿ ಹೆಮಾಟೊಕ್ರಿಟ್ ಎಂಬ ಸಾಲಿನಲ್ಲಿರುತ್ತದೆ, ನೋಡಿಕೊಳ್ಳಿ. ನಿಜವಾದ ಭಯ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು. ಹೊಟ್ಟೆನೋವು, ವಾಂತಿ, ಜ್ವರ ಬಂದರೆ ಅದೇ ದಿನ ಡಾಪ್ಲರ್ (ರಕ್ತದ ಹರಿವು ತೋರಿಸುವ) ಸ್ಕ್ಯಾನ್ ಮಾಡಿಸಿ. ಆಸ್ಪಿರಿನ್ ಮಾತ್ರ ನೀವಾಗಿಯೇ ಶುರುಮಾಡಬೇಡಿ, ಪೆಟ್ಟಾದವರಲ್ಲಿ ರಕ್ತಸ್ರಾವವಾದೀತು.

ನೀವು ಕೇಳದಿದ್ದರೂ ಇದಕ್ಕಿಂತ ಮುಖ್ಯವಾದದ್ದು ಸೋಂಕು. ರಕ್ತದಿಂದ ಬ್ಯಾಕ್ಟೀರಿಯಾಗಳನ್ನು ಸೋಸುತ್ತಿದ್ದ ಗುಲ್ಮ ಈಗಿಲ್ಲ. ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನು ತುರ್ತು ಶಸ್ತ್ರಚಿಕಿತ್ಸೆಯಾದ 14 ದಿನಗಳ ನಂತರ ಕೊಡುವುದು ವಾಡಿಕೆ. ಡಿಸ್ಚಾರ್ಜ್ ಚೀಟಿಯಲ್ಲಿ ಅವು ನಮೂದಾಗಿವೆಯೇ? ಇಲ್ಲದಿದ್ದರೆ ಈ ವಾರವೇ ಕೇಳಿ. ಫ್ಲೂ ಲಸಿಕೆ ಪ್ರತಿವರ್ಷ ಬೇಕು. ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ನಾಯಿ ಕಚ್ಚಿದರೆ ರೇಬಿಸ್ ಚುಚ್ಚುಮದ್ದಿನ ಜೊತೆಗೆ ಆಂಟಿಬಯಾಟಿಕ್ ಕೂಡ ಬೇಕಾಗುತ್ತದೆ. ‘ಗುಲ್ಮ ತೆಗೆದಿದೆ’ ಎಂದು ಬರೆದ ಚೀಟಿ ಡ್ರೈವಿಂಗ್ ಲೈಸೆನ್ಸ್ ಜೊತೆಗೇ ಇರಲಿ.